ಅಮ್ಮನಿಗೆ ನಾಟದ ಮಾತ್ರೆ

ನಾನು ಪದವಿ ಮುಗಿಸಿದ ವರ್ಷದಿಂದ ನಮ್ಮ ಮನೆಗೆ ಬರುವ ಇಂಗ್ಲಿಷ್ ಕಾಗದಗಳೆಲ್ಲ ಮೊದಲು ನನ್ನ ಕೈಗೆ ಬರುತ್ತಿದ್ದವು. ಕಾರ್ಖಾನೆಯ ಸುತ್ತೋಲೆ, ಕ್ವಾರ್ಟರ್ಸ್ ರಿಪೇರಿಯ ನೋಟಿಸು, ಕೆಮ್ಮಿನ ಔಷಧದ ಬಾಟಲಿಯ ಮೇಲಿನ ಸಣ್ಣಕ್ಷರ, ಯಾವುದೇ ಇರಲಿ, ಅಪ್ಪ ಅದನ್ನು ಎರಡೂ ಕೈಯಲ್ಲಿ ಹಿಡಿದು ತಂದು, "ಓದಿ ಹೇಳು, ನಿಧಾನಕ್ಕೆ ಹೇಳು" ಎನ್ನುತ್ತಿದ್ದರು. ಭದ್ರಾವತಿಯಲ್ಲಿ ನಾವಿದ್ದ ಕ್ವಾರ್ಟರ್ಸ್ ಸಾಲಿನಲ್ಲಿ ಡಿಗ್ರಿ ಓದಿದ ಹೆಣ್ಣುಮಗಳು ನಾನೊಬ್ಬಳೇ. ಬಿ.ಎಸ್ಸಿ., ಬಿ.ಎಡ್. ಮುಗಿಸಿ ಶಿವಮೊಗ್ಗದ ವಿನೋಬನಗರದ ಒಂದು ಖಾಸಗಿ ಪ್ರೌಢಶಾಲೆಯಲ್ಲಿ ವಿಜ್ಞಾನ ಕಲಿಸುತ್ತಿದ್ದೆ. ಎಲ್ಲಿ ತಪ್ಪು ಮಾತನಾಡಿಬಿಡುತ್ತೇನೋ ಎಂಬ ಅಳುಕು ನನ್ನನ್ನು ಎಂದೂ ಬಿಟ್ಟಿರಲಿಲ್ಲ. ಬೆಳಗಿನ ಬಸ್ಸು ಮಲವಗೊಪ್ಪ ದಾಟುವಷ್ಟರಲ್ಲಿ, ಆ ದಿನ ಮುಖ್ಯೋಪಾಧ್ಯಾಯರ ಎದುರು ಆಡಬೇಕಾದ ಮಾತುಗಳನ್ನು ಮನಸ್ಸಿನಲ್ಲೇ ಎರಡು ಸಲ ಹೇಳಿಕೊಂಡು ತಿದ್ದಿಕೊಂಡಿರುತ್ತಿದ್ದೆ.

ಅಂಥ ಮನೆಯಲ್ಲಿ, ಅಮ್ಮನ ಜೀವಕ್ಕೆ ಸಂಬಂಧಿಸಿದ ಒಂದು ಕಾಗದ ನನ್ನ ಕಣ್ಣಿಗೆ ಬೀಳದೆ ಒಂದೂವರೆ ವರ್ಷ ಇತ್ತು. ಈ ವಾಕ್ಯವನ್ನು ಬರೆಯುವುದಕ್ಕೆ ನನಗೆ ಇಷ್ಟು ವರ್ಷಗಳು ಬೇಕಾದವು.

ತೊಂಬತ್ತರ ದಶಕ ಮುಗಿಯುತ್ತ ಬಂದಿತ್ತು. ಅಮ್ಮನಿಗೆ ಆಗ ನಲವತ್ತಾರು. ಎಡ ಮೊಲೆಯಲ್ಲಿ ಗಂಟೊಂದು ಇರುವುದನ್ನು ಅವಳು ನನಗಾಗಲಿ ಅಪ್ಪನಿಗಾಗಲಿ ಮೊದಲು ಹೇಳಲಿಲ್ಲ. ಎದುರುಮನೆ ಅತ್ತೆಗೆ ಹೇಳಿದಳು. ಅತ್ತೆ ನಮ್ಮ ಸಂಬಂಧಿಕರಲ್ಲ. ಅವರ ಮಾವನ ಕಾಲದಲ್ಲಿ ತಮಿಳುನಾಡಿನಿಂದ ಕಾರ್ಖಾನೆ ಕೆಲಸಕ್ಕೆಂದು ಬಂದು ನೆಲೆ ನಿಂತ ಕುಟುಂಬ ಅವರದು. ಅರವತ್ತರ ಹತ್ತಿರದ ಅವರಿಗೆ ಹಿಂದಿನ ವರ್ಷವಷ್ಟೇ ಅದೇ ಕಾಯಿಲೆಗೆ ಶಿವಮೊಗ್ಗದ ಒಂದು ನರ್ಸಿಂಗ್ ಹೋಮಿನಲ್ಲಿ ಆಪರೇಷನ್ ಆಗಿತ್ತು. ಅಮ್ಮನ ಮಾತು ಕೇಳಿದವರೇ ಅವರು ಸೀರೆ ಬದಲಾಯಿಸಿಕೊಂಡು ಬಂದು, "ನಡಿಯಮ್ಮಾ, ನನ್ನ ಡಾಕ್ಟರ ಹತ್ರಾನೇ ಹೋಗೋಣ. ಅವರ ಕೈ ಒಳ್ಳೇದು, ಬಾಯಿ ಮಾತ್ರ ಸ್ವಲ್ಪ ಜೋರು" ಎಂದು ಕರೆದುಕೊಂಡೇ ಹೋದರು.

ಆಪರೇಷನ್ ಆಯಿತು. ತೆಗೆದ ಗಡ್ಡೆಯನ್ನು ಪರೀಕ್ಷೆಗೆಂದು ಬೆಂಗಳೂರಿಗೆ ಕಳುಹಿಸಿದರು. ವರದಿ ಬರಲು ತಿಂಗಳಾದರೂ ಬೇಕಿತ್ತು. ಅಷ್ಟರವರೆಗೆ ಕಾಯುವುದೇಕೆಂದು ಡಿಸ್ಚಾರ್ಜ್ ದಿನವೇ ದಿನಕ್ಕೊಂದರಂತೆ ಒಂದು ಹಾರ್ಮೋನ್ ಮಾತ್ರೆ ಬರೆದುಕೊಟ್ಟರು. ಅತ್ತೆ ನುಂಗುತ್ತಿದ್ದುದೂ ಅದೇ ಮಾತ್ರೆ. ಆಗ ಹಾಗೆಯೇ ನಡೆಯುತ್ತಿತ್ತು. ಸ್ತನದ ಆಪರೇಷನ್ ಆದ ಹೆಂಗಸಿಗೆ ಮೊದಲು ಆ ಮಾತ್ರೆ, ಆಮೇಲೆ ವರದಿ. ಅಪ್ಪನ ಕಾರ್ಖಾನೆಯ ಆಸ್ಪತ್ರೆಯಲ್ಲಿ ಪ್ರತಿ ಕುಟುಂಬಕ್ಕೂ ಒಂದು ಔಷಧದ ಪುಸ್ತಕವಿತ್ತು. ಹೊರಗಿನ ಡಾಕ್ಟರು ಬರೆದ ಚೀಟಿಯನ್ನು ಒಮ್ಮೆ ಅದರಲ್ಲಿ ನಕಲು ಮಾಡಿಸಿಕೊಂಡರೆ ಸಾಕು. ಆಮೇಲೆ ತಿಂಗಳು ತಿಂಗಳೂ ಅದೇ ಔಷಧ ಸಿಗುತ್ತಿತ್ತು. ಅಲ್ಲಿನ ಡಾಕ್ಟರು ಹಿಂದಿನ ಪುಟ ನೋಡಿ ಮುಂದಿನ ಪುಟದಲ್ಲಿ ಅದನ್ನೇ ಬರೆದು ಸಹಿ ಹಾಕುತ್ತಿದ್ದರು. ರೋಗಿ ಬರಬೇಕೆಂದೂ ಇರಲಿಲ್ಲ. ಪುಸ್ತಕ ಹೋದರೆ ಸಾಕಿತ್ತು.

ಅಮ್ಮ ಮೊದಲ ಮಾತ್ರೆ ನುಂಗಿದ ದಿನ ಅತ್ತೆ ನಮ್ಮ ಮನೆಯಲ್ಲೇ ಇದ್ದರು.

"ನೋಡಮ್ಮಾ, ನಮ್ಮನೆಯವರಿಗೆ ಮೂವತ್ತು ವರ್ಷದಿಂದ ಹೇಳ್ತಾ ಇದೀನಿ, ಒಂದು ಮಾತು ಕೇಳಲ್ಲ. ಈ ಮಾತ್ರೆ ನೋಡು, ಒಳಗೆ ಹೋಗು ಅಂದ್ರೆ ಹೋಗುತ್ತೆ, ಕೆಲಸ ಮಾಡು ಅಂದ್ರೆ ಮಾಡುತ್ತೆ."

"ಹಂಗಾದ್ರೆ ನಿಮ್ಮನೆಯವರಿಗೂ ಒಂದು ಕೊಟ್ಟು ನೋಡಿ ಅಕ್ಕಾ" ಎಂದಳು ಅಮ್ಮ. ಹೊಲಿಗೆ ಇನ್ನೂ ಮಾಗಿರಲಿಲ್ಲ; ನಗುವಾಗ ಎದೆಯನ್ನು ಕೈಯಲ್ಲಿ ಒತ್ತಿ ಹಿಡಿದುಕೊಳ್ಳುತ್ತಿದ್ದಳು.

"ಅಯ್ಯಯ್ಯೋ ಬೇಡ, ಅದು ಹೆಂಗಸರ ಮಾತ್ರೆ. ಆಮೇಲೆ ಅಡುಗೆಮನೆಗೆ ಬಂದು ನನಗೇ ಸಾರು ಮಾಡೋದು ಹೇಳಿಕೊಡ್ತಾರೆ!"

ನಾನು ಮಾತ್ರೆಯ ಶೀಟನ್ನು ತಿರುಗಿಸಿ ಹೆಸರು ಓದಿಕೊಂಡು, ಮರುದಿನ ಮಗನನ್ನು ಬಿಡಲು ನಮ್ಮ ಶಾಲೆಗೆ ಬರುತ್ತಿದ್ದ ಔಷಧ ಅಂಗಡಿಯ ಮಾಲೀಕರೊಬ್ಬರನ್ನು ವಿಚಾರಿಸಿದೆ. ಇದು ಎಲ್ಲ ಜೀವಕೋಶಗಳ ಮೇಲೂ ಕೈ ಮಾಡುವ ಔಷಧವಲ್ಲ, ಕ್ಯಾನ್ಸರ್ ಜೀವಕೋಶದ ಒಂದು ನಿರ್ದಿಷ್ಟ ಜಾಗವನ್ನು ಮಾತ್ರ ಹುಡುಕಿಕೊಂಡು ಹೋಗುತ್ತದೆ ಎಂದರು. ಮನೆಗೆ ಬಂದು ಅಮ್ಮನಿಗೆ ಅದನ್ನೇ ಹೇಳಿದೆ. "ಇದಕ್ಕೆ ವಿಳಾಸ ಗೊತ್ತಮ್ಮ. ಬೇರೆ ಯಾರ ಮನೆಯ ಬಾಗಿಲನ್ನೂ ತಟ್ಟುವುದಿಲ್ಲ." ನನ್ನ ವಾಕ್ಯ ನನಗೇ ಬಹಳ ಚೆನ್ನಾಗಿ ಕಂಡಿತ್ತು. ಆ ವಿಳಾಸದಲ್ಲಿ ಮನೆಯೇ ಇಲ್ಲದಿದ್ದರೆ ಏನಾಗುತ್ತದೆಂದು ನಾನು ಕೇಳಿರಲಿಲ್ಲ.

ವರದಿ ಬಂದಾಗ ನಾನು ಎಸ್ಸೆಸ್ಸೆಲ್ಸಿ ಮೌಲ್ಯಮಾಪನದಲ್ಲಿದ್ದೆ. ಬಿಡುವು ಸಿಗುವಂತಿರಲಿಲ್ಲ. ಅಪ್ಪ ಮೊದಲ ಪಾಳಿ ಮುಗಿಸಿಕೊಂಡು ಶಿವಮೊಗ್ಗಕ್ಕೆ ಹೋಗಿ ಬಂದರು. ನಾನು ಮನೆಗೆ ಬಂದಾಗ ಹಿತ್ತಲಲ್ಲಿ ಕಾಲು ತೊಳೆಯುತ್ತಿದ್ದರು.

"ಏನಂದ್ರು ಅಪ್ಪ?"

"ಎಲ್ಲ ಸರಿ ಇದೆಯಂತೆ. ಮಾತ್ರೆ ಬಿಡಬೇಡಿ ಅಂದ್ರು."

"ಕಾಗದ ಎಲ್ಲಿ?"

"ಅವರೇ ಇಟ್ಕೊಂಡ್ರು, ಫೈಲಿಗೆ."

ಅಪ್ಪ ಅದಕ್ಕೂ ಮೊದಲು ನನಗೆ ಸುಳ್ಳು ಹೇಳಿದ್ದು ನೆನಪಿಲ್ಲ. ಹೇಳಿದ್ದರೆ ಬಹುಶಃ ಗುರುತು ಹಿಡಿಯುತ್ತಿದ್ದೆ. ಅನುಮಾನಿಸುವ ಅಭ್ಯಾಸವೇ ಇಲ್ಲದವಳಿಗೆ ಗುರುತು ಸಿಗುವುದಾದರೂ ಹೇಗೆ?

ವರ್ಷ ತುಂಬುವ ಮೊದಲೇ ಇಬ್ಬರು ಹೆಂಗಸರ ನಡುವಿನ ವ್ಯತ್ಯಾಸ ಸಾಲಿನ ಎಲ್ಲ ಮನೆಗಳಿಗೂ ಕಾಣತೊಡಗಿತು. ಅತ್ತೆ ಮಗಳ ಬಾಣಂತನಕ್ಕೆಂದು ಸೇಲಂಗೆ ಹೋಗಿ ನಾಲ್ಕು ತಿಂಗಳು ಇದ್ದು, ಮಗಳನ್ನೂ ಮೊಮ್ಮಗುವನ್ನೂ ಕರೆದುಕೊಂಡು ಬಂದರು. ಬರುವಾಗ ಮೈ ಕೈ ತುಂಬಿಕೊಂಡಿದ್ದರು. ಒಂದು ಕಂಕುಳಲ್ಲಿ ಮೊಮ್ಮಗು, ಇನ್ನೊಂದು ಕೈಯಲ್ಲಿ ನೀರಿನ ಕೊಡ. ಬೆಳಗ್ಗೆ ಬಾಗಿಲ ಮುಂದೆ ಅವರು ಹಾಕುವ ರಂಗೋಲಿ ಮೊದಲಿಗಿಂತ ದೊಡ್ಡದಾಗಿತ್ತು. ನಮ್ಮ ಬಾಗಿಲಲ್ಲಿ ಅಮ್ಮ ನಾಲ್ಕು ಗೆರೆ ಎಳೆದು ಎದ್ದು ನಿಲ್ಲುವಷ್ಟರಲ್ಲಿ ಬಾಗಿಲುವಾಡ ಹಿಡಿದುಕೊಳ್ಳುತ್ತಿದ್ದಳು. ಅವಳ ಎಡಗೈ ಬಾವು ಬಂದು ಬಳೆಗಳು ಮೊಣಕೈ ಕಡೆಗೆ ಸರಿಯುತ್ತಿರಲಿಲ್ಲ. ಊಟ ಅರ್ಧವಾಗಿತ್ತು. ಕೇಳಿದರೆ, "ಏನೋ ಸುಸ್ತು, ವಯಸ್ಸಾಯ್ತಲ್ಲ ಮಾರಾಯ್ತಿ" ಎನ್ನುತ್ತಿದ್ದಳು. ಎದುರಿನ ಮನೆಯಲ್ಲಿ ಅವಳಿಗಿಂತ ಹದಿನಾಲ್ಕು ವರ್ಷ ದೊಡ್ಡವರು ಮೊಮ್ಮಗುವನ್ನು ಎತ್ತಿ ಆಡಿಸುತ್ತಿದ್ದರು.

ನಾನು ಮಕ್ಕಳಿಗೆ ಕಲಿಸುತ್ತಿದ್ದ ಪಾಠವೊಂದಿತ್ತು. ಒಂದೇ ಪ್ರಯೋಗವನ್ನು ಎರಡು ಕಡೆ ಮಾಡಿದಾಗ ಫಲಿತಾಂಶ ಬೇರೆ ಬೇರೆ ಬಂದರೆ, ಎಲ್ಲೋ ಒಂದು ಕಡೆ ಕ್ರಮ ತಪ್ಪಿದೆ ಎಂದು ತಿಳಿಯಬೇಕು. ಅದೇ ಕಾಯಿಲೆ, ಅದೇ ಡಾಕ್ಟರು, ಅದೇ ಮಾತ್ರೆ. ಹಾಗಿದ್ದರೆ ಕ್ರಮ ತಪ್ಪಿರುವುದು ಯಾರಿಂದ? ಅತ್ತೆಯಂತೂ ತಪ್ಪಿಸುವವರಲ್ಲ.

ಒಂದು ಭಾನುವಾರ ಅಡುಗೆಮನೆಯ ಗೂಡು ಒರೆಸುವಾಗ ಸಾಸಿವೆ ಡಬ್ಬಿಯ ಹಿಂದೆ ಆ ಮಾತ್ರೆಯ ಒಂದು ಪೂರ್ತಿ ಶೀಟು ಸಿಕ್ಕಿತು. ಹತ್ತು ಮಾತ್ರೆ, ಒಂದೂ ಒಡೆದಿರಲಿಲ್ಲ. ಲೆಕ್ಕದ ಪ್ರಕಾರ ಮನೆಯಲ್ಲಿ ಅದು ಉಳಿದಿರಬಾರದಿತ್ತು.

"ಇದೇನಮ್ಮ?"

ಅಮ್ಮ ಸೊಪ್ಪು ಬಿಡಿಸುತ್ತಿದ್ದವಳು ತಲೆಯೆತ್ತಿ ನೋಡಿದಳು. "ಅಕ್ಕ ಸೇಲಂಗೆ ಹೋಗೋವಾಗ ಕೊಟ್ಟಿದ್ದು. ಅವರ ಹತ್ರ ಜಾಸ್ತಿ ಇತ್ತು. ಆಸ್ಪತ್ರೇಲಿ ಸ್ಟಾಕ್ ಇಲ್ಲ ಅಂದ್ರೆ ಇರಲಿ ಅಂತ."

"ನಿಜ ಹೇಳಮ್ಮ. ಮಾತ್ರೆ ತಗೊಂಡಿಲ್ಲ ಅಲ್ವಾ?"

"ದಿನಾ ನುಂಗಿದೀನಿ ಕಣೇ."

"ನುಂಗಿದ್ರೆ ಅವರಿಗೆ ಆದ ಹಾಗೆ ನಿನಗೂ ಆಗಬೇಕಿತ್ತು. ಕಾರಣ ಇಲ್ಲದೆ ಯಾವುದೂ ಆಗಲ್ಲ."

ಅಮ್ಮ ಕೈಯಲ್ಲಿದ್ದ ದಂಟನ್ನು ಕೆಳಗಿಟ್ಟಳು. "ಟೀಚರಮ್ಮ ಆಗಿದೀಯ, ಸರಿ. ನಾನು ನಿನ್ನ ಸ್ಕೂಲಿನ ಹುಡುಗಿ ಅಲ್ಲ" ಎಂದು ಮತ್ತೆ ಸೊಪ್ಪಿಗೆ ಕೈ ಹಾಕಿದಳು.

ರಸ್ತೆ ದಾಟಿ ಎದುರುಮನೆಗೆ ಹೋಗಿ ಅತ್ತೆಯನ್ನು ಕೇಳಿದ್ದರೆ ಎರಡು ನಿಮಿಷದಲ್ಲಿ ಗೊತ್ತಾಗಿಬಿಡುತ್ತಿತ್ತು. ನಾನು ಕೇಳಲಿಲ್ಲ. ಮನೆಯ ವಿಷಯ ಬೀದಿಗೇಕೆ ಎಂದು ಆಗ ಅಂದುಕೊಂಡಿದ್ದೆ. ನನ್ನ ಅನುಮಾನವೇ ತಪ್ಪೆಂದು ತಿಳಿದುಬಿಟ್ಟರೆ ಎಂಬ ಹೆದರಿಕೆಯೂ ಅದರಲ್ಲಿ ಇದ್ದಿರಬೇಕು. ತಪ್ಪಾಗುವುದು ನನಗೆ ಎಲ್ಲಕ್ಕಿಂತ ಕಷ್ಟದ ಸಂಗತಿಯಾಗಿತ್ತು.

ಮರುದಿನದಿಂದ ಮಾತ್ರೆಯ ಹೊತ್ತನ್ನು ಬದಲಾಯಿಸಿದೆ. ಮಧ್ಯಾಹ್ನದ ಬದಲು ಬೆಳಗ್ಗೆ, ನಾನು ಬಸ್ಸಿಗೆ ಹೊರಡುವ ಮುನ್ನ, ನನ್ನ ಎದುರಿಗೆ. ಅಂಗೈಯಲ್ಲಿ ಮಾತ್ರೆ ಇಟ್ಟು ನೀರಿನ ಲೋಟ ಕೊಡುತ್ತಿದ್ದೆ. ಅವಳು ನುಂಗಿದ ಮೇಲೆ, "ಬಾಯಿ ತೆಗಿ" ಎನ್ನುತ್ತಿದ್ದೆ. ಅಮ್ಮ ತೆಗೆಯುತ್ತಿದ್ದಳು. "ನಾಲಿಗೆ ಎತ್ತು." ಎತ್ತುತ್ತಿದ್ದಳು. ಮೊದಲ ದಿನ ಮಾತ್ರ ಅವಳ ಕಣ್ಣಲ್ಲಿ ನೀರು ಬಂದಿತ್ತು. ಆಮೇಲೆ ನಾನು ಹೇಳುವ ಮೊದಲೇ ಬಾಯಿ ತೆರೆದು, ನಾಲಿಗೆ ಎತ್ತಿ, ಕಣ್ಣನ್ನು ನನ್ನ ತಲೆಯ ಮೇಲಿನ ಗೋಡೆಗೆ ನೆಟ್ಟು ಕೂರುತ್ತಿದ್ದಳು. ನಾನು ನೋಡಿ, "ಸರಿ" ಎಂದು ಚೀಲ ಎತ್ತಿಕೊಳ್ಳುತ್ತಿದ್ದೆ.

ಅದೇ ಹೊತ್ತಿಗೆ ಅಪ್ಪ ಬಾಗಿಲ ಹತ್ತಿರದ ಮಣೆಯ ಮೇಲೆ ಕುಳಿತು ಡ್ಯೂಟಿಯ ಬೂಟಿಗೆ ಲೇಸು ಕಟ್ಟಿಕೊಳ್ಳುತ್ತಿದ್ದರು. ಒಮ್ಮೆಯೂ ಒಂದು ಮಾತು ಆಡಲಿಲ್ಲ. ಅವರ ಮೌನವನ್ನು ನಾನು ಒಪ್ಪಿಗೆಯೆಂದೇ ತಿಳಿದಿದ್ದೆ. ಹೀಗೆ ಎರಡು ತಿಂಗಳು ನಡೆಯಿತು.

ಹೊಲಿಗೆಯ ಗೆರೆಯ ಮೇಲೆಯೇ ಅವರೆಕಾಳಿನಂಥ ಎರಡು ಗಂಟುಗಳು ಕಾಣಿಸಿಕೊಂಡಾಗ ಅಮ್ಮನನ್ನು ಕರೆದುಕೊಂಡು ಶಿವಮೊಗ್ಗಕ್ಕೆ ಹೋದವಳು ನಾನು. ಅಪ್ಪ ಕಾರ್ಖಾನೆ ಆಸ್ಪತ್ರೆಯಲ್ಲೇ ತೋರಿಸೋಣ ಎಂದರು, ನಾನು ಕೇಳಲಿಲ್ಲ. ಬಸ್ಸಿನಲ್ಲಿ ಡಾಕ್ಟರ ಎದುರು ಹೇಳಬೇಕಾದ ಮಾತುಗಳನ್ನು ಜೋಡಿಸಿಕೊಂಡೆ. "ಮಾತ್ರೆಯನ್ನು ಕ್ರಮವಾಗಿ ತೆಗೆದುಕೊಂಡಿರುವ ಬಗ್ಗೆ ನನಗೆ ಸ್ವಲ್ಪ ಸಂದೇಹವಿದೆ ಸರ್." ಅಮ್ಮ ಪಕ್ಕದಲ್ಲೇ ಕಿಟಕಿಗೆ ತಲೆಯಾನಿಸಿ ಕುಳಿತಿದ್ದಳು.

ಡಾಕ್ಟರು ಪರದೆಯ ಹಿಂದೆ ಅಮ್ಮನನ್ನು ಪರೀಕ್ಷಿಸಿ ಬಂದು ಕೈ ತೊಳೆದರು. ನರ್ಸಮ್ಮ ಅಮ್ಮನನ್ನು ಹೊರಗೆ ಕೂರಿಸಿದರು. ಡಾಕ್ಟರು ಹಳೆಯ ಕಾರ್ಡು ತೆಗೆದು ನೋಡಿದವರು ನಾನು ಜೋಡಿಸಿಟ್ಟ ಮಾತುಗಳಿಗೆ ಅವಕಾಶವನ್ನೇ ಕೊಡಲಿಲ್ಲ.

"ಇಂಜೆಕ್ಷನ್ ಎಲ್ಲಿ ಕೊಡಿಸಿದ್ರಿ? ಬೆಂಗಳೂರಲ್ಲಾ?"

"ಯಾವ ಇಂಜೆಕ್ಷನ್ ಸರ್?"

"ಕೀಮೋ. ನಿಮ್ಮ ತಂದೆ ಬಂದಾಗ ಹೇಳಿದ್ನಲ್ಲ? ರಿಪೋರ್ಟೂ ಅವರ ಕೈಗೇ ಕೊಟ್ಟಿದ್ದೀನಿ. ರಿಸೆಪ್ಟರ್ ನೆಗೆಟಿವ್, ಈ ಮಾತ್ರೆ ಇವರಿಗೆ ನಾಟಲ್ಲ, ನಿಲ್ಲಿಸಿ, ಇಂಜೆಕ್ಷನ್ ಶುರು ಮಾಡೋಣ ಅಂದೆ. ಮನೇಲಿ ಕೇಳಿ ಬರ್ತೀನಿ ಅಂದ್ರು. ಬರಲಿಲ್ಲ. ದೊಡ್ಡ ಊರಿಗೆ ಹೋಗಿರ್ತಾರೆ ಅಂದ್ಕೊಂಡೆ."

"ಮಾತ್ರೆ… ಇವತ್ತು ಬೆಳಗ್ಗೆಯೂ ಕೊಟ್ಟೆ ಸರ್."

ಅವರು ಪೆನ್ನು ಮೇಜಿನ ಮೇಲಿಟ್ಟರು. ಅತ್ತೆ ಹೇಳಿದಂತೆ ಬಾಯಿ ಜೋರಿನವರು. ಆದರೆ ಆಗ ಅವರ ದನಿ ಇಳಿದಿತ್ತು. "ಮೇಡಂ, ನೀವು ಸೈನ್ಸ್ ಟೀಚರಂತಲ್ಲ. ಕೇಳಿ. ಕೆಲವು ಗಡ್ಡೆ ಹೆಣ್ಣಿನ ಹಾರ್ಮೋನ್ ತಿಂದು ಬೆಳೆಯುತ್ತೆ. ತಿನ್ನೋಕೆ ಅದಕ್ಕೊಂದು ಬಾಯಿ ಬೇಕಲ್ಲ? ರಿಸೆಪ್ಟರ್ ಅಂದ್ರೆ ಆ ಬಾಯಿ. ಈ ಮಾತ್ರೆ ಹೋಗಿ ಆ ಬಾಯಿಗೆ ಅಡ್ಡ ಕೂರುತ್ತೆ, ಗಡ್ಡೆ ಉಪವಾಸ ಬೀಳುತ್ತೆ. ನಿಮ್ಮ ಎದುರುಮನೆಯವರದ್ದು ಅಂಥದ್ದು. ನಿಮ್ಮ ತಾಯಿ ಗಡ್ಡೆಗೆ ಆ ಬಾಯೇ ಇಲ್ಲ. ಅದು ಬೇರೆ ದಾರೀಲಿ ತಿಂತಾ ಇದೆ. ಇಲ್ಲದ ಬಾಯಿಗೆ ಎಷ್ಟು ದಿನ ಅಡ್ಡ ಕೂತ್ರೆ ಏನು ಬಂತು?"

ಹೊರಗಿನ ಬೆಂಚಿನಲ್ಲಿ ಅಮ್ಮ ಸೆರಗು ಸರಿ ಮಾಡಿಕೊಳ್ಳುತ್ತ ಕುಳಿತಿರುವುದು ಬಾಗಿಲಿನ ಗಾಜಿನಲ್ಲಿ ಕಾಣುತ್ತಿತ್ತು. ಎರಡು ತಿಂಗಳಿಂದ ನಾನು ಯಾವ ಬಾಯಿಯನ್ನು ತೆಗೆಸಿ ನೋಡುತ್ತಿದ್ದೆ ಎಂಬುದು ಆಗ ನೆನಪಾಯಿತು.

ಒಂದೇ ಮಾತ್ರೆ ಒಬ್ಬರಿಗೆ ನಾಟುತ್ತದೆ, ಇನ್ನೊಬ್ಬರಿಗೆ ನಾಟುವುದಿಲ್ಲ ಏಕೆಂಬುದನ್ನು ಮುಂದಿನ ವರ್ಷಗಳಲ್ಲಿ ಸಿಕ್ಕ ಕಡೆಯಲ್ಲೆಲ್ಲ ಓದಿದೆ. ಕಾಯಿಲೆಗೆ ನಾವು ಒಂದೇ ಹೆಸರು ಇಟ್ಟಿದ್ದೇವೆಯೇ ಹೊರತು ಅದು ಒಂದೇ ಕಾಯಿಲೆಯಲ್ಲ. ಬಾಯಿ ಇರುವ ಗಡ್ಡೆಗಳಲ್ಲೂ ಕೆಲವು, ಅದು ಮುಚ್ಚಿದ ಮೇಲೆ ಬೇರೆ ದಾರಿ ಹುಡುಕಿಕೊಳ್ಳುತ್ತವೆ. ಈ ಮಾತ್ರೆಯಂತೂ ನುಂಗಿದ ರೂಪದಲ್ಲೇ ಪೂರ್ತಿ ಕೆಲಸ ಮಾಡುವುದಿಲ್ಲ. ಪಿತ್ತಕೋಶದ ಪಕ್ಕದ ಯಕೃತ್ತು ಅದನ್ನು ಹೆಚ್ಚು ಬಲದ ರೂಪಕ್ಕೆ ಬದಲಾಯಿಸಬೇಕು, ಆ ಶಕ್ತಿ ಎಲ್ಲರ ಯಕೃತ್ತಿನಲ್ಲೂ ಒಂದೇ ಸಮ ಇರುವುದಿಲ್ಲ. ಅದರಿಂದ ಗುಣದಲ್ಲಿ ಎಷ್ಟು ವ್ಯತ್ಯಾಸವಾಗುತ್ತದೆಂಬ ಬಗ್ಗೆ ತಿಳಿದವರಲ್ಲೇ ಒಮ್ಮತವಿಲ್ಲವೆಂದೂ ಓದಿದೆ. ಎರಡು ಸಾವಿರದ ಈಚೆಗೆ ಗಡ್ಡೆಯ ಮೈಮೇಲಿನ ಮತ್ತೊಂದು ಗುರುತನ್ನು ಹುಡುಕಿಕೊಂಡು ಹೋಗುವ ಇಂಜೆಕ್ಷನ್ನಿನ ಹೆಸರು ನಮ್ಮ ಕಡೆಯ ಡಾಕ್ಟರ ಬಾಯಲ್ಲೂ ಕೇಳಿಬರತೊಡಗಿತು. ಆ ಗುರುತು ಇದ್ದವರಿಗೆ ಮಾತ್ರ ಅದು. ಅಮ್ಮನ ಗಡ್ಡೆಗೆ ಅದು ಇತ್ತೋ ಇಲ್ಲವೋ ಯಾರೂ ನೋಡಿರಲಿಲ್ಲ. ಈಗ ತಿಳಿಯುವಂತೆಯೂ ಇಲ್ಲ. ಇಷ್ಟೆಲ್ಲ ಓದಿದರೂ ಒಂದು ಮಾತು ಮಾತ್ರ ಯಾವ ಪುಟದಲ್ಲೂ ಸಿಗಲಿಲ್ಲ: ಔಷಧ ನಾಟದಿದ್ದರೆ ಅದು ರೋಗಿಯ ತಪ್ಪು ಎಂಬ ಮಾತು. ಅದನ್ನು ನಾನೇ ಬರೆದುಕೊಂಡಿದ್ದೆ.

ಅಂದು ಮನೆಗೆ ಬಂದ ಮೇಲೆ ಅಮ್ಮನಿಗೆ, "ಡಾಕ್ಟರು ಇನ್ನೊಂದು ಔಷಧ ಕೊಡುತ್ತಾರಂತೆ" ಎಂದಷ್ಟೇ ಹೇಳಿದೆ. ಭಾನುವಾರ ಬೆಳಗ್ಗೆ ಅವಳು ಮೊಮ್ಮಗುವಿನ ಎಣ್ಣೆಸ್ನಾನ ನೋಡಲು ಎದುರುಮನೆಗೆ ಹೋದಾಗ, ಹಿತ್ತಲಲ್ಲಿ ಸೈಕಲ್ ಒರೆಸುತ್ತಿದ್ದ ಅಪ್ಪನ ಹತ್ತಿರ ಹೋಗಿ ನಿಂತೆ.

"ರಿಪೋರ್ಟ್ ಕೊಡಿ ಅಪ್ಪ."

ಯಾವ ರಿಪೋರ್ಟ್ ಎಂದು ಅವರು ಕೇಳಲಿಲ್ಲ. ಒಳಗೆ ಹೋಗಿ, ಅಟ್ಟದ ಮೇಲಿಂದ ಹಳೆಯ ಗೇಟ್ ಪಾಸುಗಳಿದ್ದ ಪ್ಲಾಸ್ಟಿಕ್ ಕವರನ್ನು ಇಳಿಸಿ, ನಾಲ್ಕು ಮಡಿಕೆಯ ಕಾಗದವನ್ನು ತೆಗೆದುಕೊಟ್ಟರು. ಅದೇ ಹಳೆಯ ಅಭ್ಯಾಸದಂತೆ ಎರಡೂ ಕೈಯಲ್ಲಿ ಹಿಡಿದು ಕೊಟ್ಟರು. ಅದನ್ನು ನೋಡಿ ನನಗೆ ಸಿಟ್ಟು ಇನ್ನಷ್ಟು ಏರಿತು.

ಅಪ್ಪನ ಕೆಲಸ ಏನೆಂಬುದನ್ನು ಇಲ್ಲಿ ಹೇಳಬೇಕು. ಅವರು ಉಕ್ಕಿನ ಕುಲುಮೆಯ ಹತ್ತಿರ ಸ್ಯಾಂಪಲ್ ತೆಗೆಯುವವರು. ಕರಗಿದ ಲೋಹವನ್ನು ಉದ್ದನೆಯ ಸೌಟಿನಲ್ಲಿ ಒಂದಿಷ್ಟು ತೆಗೆದು, ಆರಿಸಿ, ಲ್ಯಾಬಿಗೆ ಕೊಟ್ಟು, ಅಲ್ಲಿಂದ ಚೀಟಿ ಬರುವವರೆಗೆ ಕಾಯುವುದು ಅವರ ಪಾಳಿಯ ನಿತ್ಯದ ಕೆಲಸ. ಚೀಟಿಯಲ್ಲಿ ಏನಿದೆಯೋ ಅದರಂತೆ ಮುಂದಿನ ಕೆಲಸ. ಚೀಟಿ ಬಾರದೆ ಸೂಪರ್‌ವೈಸರ್ ಅವಸರಪಡಿಸಿದಾಗ ಅವರೊಡನೆ ಜಗಳವಾಡಿದ ಕಥೆಯನ್ನು ಅಪ್ಪ ನೆಂಟರಿಗೆಲ್ಲ ಹೆಮ್ಮೆಯಿಂದ ಹೇಳುತ್ತಿದ್ದರು.

"ಲ್ಯಾಬ್ ಚೀಟಿ ನೋಡದೆ ಒಂದು ದಿನವಾದರೂ ಕುಲುಮೆ ಖಾಲಿ ಮಾಡಿದ್ದೀರಾ ಅಪ್ಪ?" ಎಂದೆ. "ಮನೆಗೆ ಬಂದ ಚೀಟಿಯನ್ನು ಅಟ್ಟಕ್ಕೆ ಹಾಕಿದ್ದೀರಲ್ಲ!"

"ಕಬ್ಬಿಣದ ಚೀಟಿ ಕೆಟ್ಟದು ಬಂದ್ರೆ ಮತ್ತೆ ಕಾಯಿಸ್ತೀವಿ. ನಿಮ್ಮಮ್ಮನ್ನ ಹೆಂಗೆ ಕಾಯಿಸೋದು?"

"ಡಾಕ್ಟರು ದಾರಿ ಹೇಳಿದ್ದರು."

"ಹೇಳಿದ್ರು." ಅವರು ಒರೆಸುವ ಬಟ್ಟೆಯನ್ನು ಮಡಿಸಿದರು, ಬಿಚ್ಚಿದರು. "ಕೊನೆ ಮನೆಯವನ ಹೆಂಡ್ತಿಗೆ ಆ ಇಂಜೆಕ್ಷನ್ ಕೊಡಿಸಿದ್ದು ನೀನೂ ನೋಡಿದೀಯ. ಕೂದಲು ಹೋಯ್ತು, ಬಾಯೆಲ್ಲ ಹುಣ್ಣಾಯ್ತು, ಮೂರನೇದಕ್ಕೆ ಹೋದವಳು ಹೆಣವಾಗಿ ವ್ಯಾನಲ್ಲಿ ಬಂದ್ಳು. ಇತ್ತ ಎದುರಿನವರು ಮಾತ್ರೇಲೇ ಓಡಾಡ್ತಾ ಇದ್ರು. ನಾನು ಕಣ್ಣಲ್ಲಿ ನೋಡಿದ್ದನ್ನ ನಂಬಿದೆ. ತಪ್ಪಾ?"

"ನನಗೆ ಯಾಕೆ ಹೇಳಲಿಲ್ಲ?"

"ನಿಂಗೆ ಹೇಳಿದ್ರೆ ನೀನು ಸರಿ ಯಾವುದು ಅಂತ ಹೇಳ್ತಿದ್ದೆ. ನಾನು ಮಾಡ್ಲೇಬೇಕಾಗ್ತಿತ್ತು."

ನನ್ನನ್ನು ಓದಿಸಿದ್ದು ಇವರೇ. ಆ ಓದಿಗೇ ಹೆದರಿ ಕಾಗದ ಬಚ್ಚಿಟ್ಟಿದ್ದೂ ಇವರೇ. ಕೊನೆಗೆ ಒಂದನ್ನು ಮಾತ್ರ ಕೇಳಿದೆ. "ಎರಡು ತಿಂಗಳಿಂದ ದಿನವೂ ಅಮ್ಮನ ಬಾಯಿ ತೆಗೆಸುತ್ತಿದ್ದೆ. ಅದು ಕೆಲಸಕ್ಕೆ ಬಾರದ ಮಾತ್ರೆ ಅಂತ ನಿಮಗೆ ಗೊತ್ತಿತ್ತು. ಅಲ್ಲೇ ಕೂತು ನೋಡುತ್ತಿದ್ದಿರಿ."

"ನೋಡ್ತಿದ್ದೆ" ಎಂದರು ಅಪ್ಪ. ಬಟ್ಟೆಯನ್ನು ಹೆಗಲಿಗೆ ಹಾಕಿಕೊಂಡು, "ಅವಳಿಗೆ ಹೇಳಬೇಡ. ಒಂದೂವರೆ ವರ್ಷ ಸುಮ್ನೆ ಹೋಯ್ತು ಅಂತ ಗೊತ್ತಾದ್ರೆ ತಡ್ಕೊಳ್ಳಲ್ಲ" ಎಂದರು.

ಹೇಳದೆ ಇರಬಹುದಿತ್ತು. ಹೊಸ ಔಷಧವೆಂದು ಕರೆದುಕೊಂಡು ಹೋಗಬಹುದಿತ್ತು. ಹಾಗೆ ಮಾಡಿದ್ದರೆ ನಾನು ಅವಳನ್ನು ಸುಳ್ಳುಗಾತಿಯೆಂದದ್ದು ಹಾಗೆಯೇ ಉಳಿಯುತ್ತಿತ್ತು. ಅಪ್ಪನಿಗೂ ನನಗೂ ವ್ಯತ್ಯಾಸವೂ ಉಳಿಯುತ್ತಿರಲಿಲ್ಲ.

ಆ ಮಧ್ಯಾಹ್ನ ಅಮ್ಮ ಮುಂಬಾಗಿಲ ಮೆಟ್ಟಿಲಲ್ಲಿ ಮೊರ ಇಟ್ಟುಕೊಂಡು ಅಕ್ಕಿ ಆರಿಸುತ್ತಿದ್ದಳು. ಪಕ್ಕದಲ್ಲಿ ಕುಳಿತು ಕಾಗದವನ್ನು ಬಿಡಿಸಿ ಎಲ್ಲವನ್ನೂ ಹೇಳಿದೆ. ಬಾಯಿಯಿಲ್ಲದ ಗಡ್ಡೆಯ ವಿಷಯ, ಅಟ್ಟದ ವಿಷಯ, ಇಂಜೆಕ್ಷನ್ನಿನ ವಿಷಯ. ಅವಳ ಬೆರಳುಗಳು ನಿಂತವು.

"ಹಂಗಾದ್ರೆ ಮಾತ್ರೆ ನುಂಗಿದ್ರೂ ಅಷ್ಟೇ, ಬಿಟ್ರೂ ಅಷ್ಟೇ."

"ಹೌದಮ್ಮ."

"ನಾನು ತಪ್ಪಿಸಿದ್ದಕ್ಕೆ ಹಿಂಗಾಗಿದ್ದಲ್ಲ."

"ಅಲ್ಲಮ್ಮ."

"ಅದನ್ನ ಈ ಕಾಗದ ಹೇಳಬೇಕಾಯ್ತಾ ಮಾರಾಯ್ತಿ? ನಾನೇ ಹೇಳಿದ್ನಲ್ಲ."

ನಿಜವಾಗಿ ನೋಡಿದರೆ ಆ ಕಾಗದ ಅದನ್ನೂ ಹೇಳುತ್ತಿರಲಿಲ್ಲ. ಅದರಲ್ಲಿ ಇದ್ದುದು ಗಡ್ಡೆಯ ವಿಷಯ ಮಾತ್ರ. ಅಮ್ಮ ಪ್ರತಿದಿನ ಮಾತ್ರೆ ನುಂಗಿದ್ದಳೆಂಬುದಕ್ಕೆ ಮೊದಲೂ, ಆಗಲೂ ಇದ್ದ ಪುರಾವೆ ಅವಳ ಮಾತೊಂದೇ. ಅಷ್ಟನ್ನು ನಾನು ಸಾಕೆಂದುಕೊಂಡಿರಲಿಲ್ಲ.

"ನಿಮ್ಮಪ್ಪ ಹೆದರಿಕೊಂಡ್ರು" ಎಂದಳು, ಮೊರದಿಂದ ಒಂದು ಕಲ್ಲನ್ನು ಆರಿಸಿ ಅಂಗಳಕ್ಕೆ ಎಸೆಯುತ್ತ. "ಹೆದರಿಕೊಂಡವರು ಏನಾದ್ರೂ ಮಾಡ್ತಾರೆ. ನಿಂಗೇನಾಗಿತ್ತು?"

ಅಂದಿನಿಂದ ಅಮ್ಮ ಅಪ್ಪನಿಗೆ ಊಟ ಬಡಿಸಿದಳು, ಮಾತನಾಡಲಿಲ್ಲ. ನನ್ನೊಡನೆ ಮಾತನಾಡಿದಳು; ಅದು ಬಸ್ಸು ಎಷ್ಟು ಹೊತ್ತಿಗೆ, ಊಟಕ್ಕೆ ಏನು ಕಟ್ಟಲಿ ಎಂಬಷ್ಟಕ್ಕೇ ನಿಲ್ಲುತ್ತಿತ್ತು. ಇಂಜೆಕ್ಷನ್ ತೆಗೆದುಕೊಳ್ಳಬೇಕೋ ಬೇಡವೋ ಎಂದು ನಮ್ಮಿಬ್ಬರಲ್ಲಿ ಯಾರನ್ನೂ ಕೇಳಲಿಲ್ಲ. ಕೇಳಿದ್ದು ಅತ್ತೆಯನ್ನು.

"ನೀವಾಗಿದ್ರೆ ಏನ್ ಮಾಡ್ತಿದ್ರಿ ಅಕ್ಕಾ?"

ಅತ್ತೆಗೆ ಅಷ್ಟರಲ್ಲಿ ಎಲ್ಲವೂ ತಿಳಿದಿತ್ತು. ಅಪ್ಪ ಒಳಗೇ ಇದ್ದಾರೆಂದು ಗೊತ್ತಿದ್ದೂ ದನಿ ತಗ್ಗಿಸಲಿಲ್ಲ. "ನಾನಾಗಿದ್ರೆ ಚುಚ್ಚಿಸಿಕೊಂಡು ಬಂದು ಒಂದು ವಾರ ಹಾಸಿಗೆ ಬಿಟ್ಟು ಏಳ್ತಿರಲಿಲ್ಲ. ಇವರಿಬ್ಬರೂ ಮುದ್ದೆ ತಿರುವೋದು ಕಲೀಲಿ, ಕಣ್ಣು!" ಎಂದರು; ಪ್ರೀತಿ ಉಕ್ಕಿದಾಗ ಅವರ ಬಾಯಲ್ಲಿ ತಮಿಳಿನ ಆ 'ಕಣ್ಣು' ಬರುತ್ತಿತ್ತು.

ಅಮ್ಮ ಬಹಳ ದಿನಗಳ ನಂತರ ಬಾಯ್ತುಂಬ ನಕ್ಕಳು. ಅಪ್ಪನ ಬೂಟಿನ ಸದ್ದು ಹಿತ್ತಲ ಕಡೆಗೆ ಹೋಯಿತು.

ಇಂಜೆಕ್ಷನ್ನುಗಳು ಗಂಟುಗಳನ್ನು ಕರಗಿಸಿದವು, ಆದರೆ ಪೂರ್ತಿ ಅಲ್ಲ, ಕೊನೆಯವರೆಗೂ ಅಲ್ಲ. ಅಮ್ಮ ಇನ್ನೂ ಎರಡು ವರ್ಷಕ್ಕೂ ಸ್ವಲ್ಪ ಹೆಚ್ಚು ಕಾಲ ಇದ್ದಳು. ಒಂದೂವರೆ ವರ್ಷ ಮೊದಲೇ ಕೊಡಿಸಿದ್ದರೆ ಎಷ್ಟು ಕಾಲ ಇರುತ್ತಿದ್ದಳೆಂದು ಡಾಕ್ಟರನ್ನು ಒಮ್ಮೆ ಕೇಳಿದೆ. "ಯಾರೂ ಹೇಳಕ್ಕಾಗಲ್ಲ ಮೇಡಂ, ಅದೂ ಒಬ್ಬೊಬ್ಬರಿಗೆ ಒಂದೊಂದು ಥರ" ಎಂದರು. ಅಪ್ಪ ಆ ಮಾತನ್ನು ಸಮಾಧಾನವೆಂದು ಹಿಡಿದುಕೊಂಡರು. ನನ್ನಿಂದ ಅದು ಆಗಲಿಲ್ಲ. ಅವರನ್ನು ನಾನು ಕೊನೆಯವರೆಗೂ ನೋಡಿಕೊಂಡೆ, ಕಾಗದಗಳನ್ನೂ ಓದಿ ಹೇಳಿದೆ. ಅವರು ಕೊಟ್ಟದ್ದೇ ಪೂರ್ತಿ ಎಂದು ಮಾತ್ರ ಮತ್ತೆಂದೂ ನಂಬಲಿಲ್ಲ.

ಮೊದಲ ಇಂಜೆಕ್ಷನ್ನಿನ ದಿನ ನರ್ಸಿಂಗ್ ಹೋಮಿನಲ್ಲಿ ಒಪ್ಪಿಗೆಯ ಫಾರಂ ಕೊಟ್ಟರು. ಇಂಗ್ಲಿಷಿನಲ್ಲಿತ್ತು. ನರ್ಸಮ್ಮ ರೂಢಿಯಂತೆ ಅದನ್ನು ಅಪ್ಪನ ಮುಂದೆ ಹಿಡಿದು, "ಯಜಮಾನ್ರೇ, ಇಲ್ಲೊಂದು ಸಹಿ" ಎಂದರು. ಅಪ್ಪ ಜೇಬಿಗೆ ಕೈ ಹಾಕಿದರು.

"ಇಲ್ಲಿ ಕೊಡಮ್ಮ" ಎಂದಳು ಅಮ್ಮ ಮಂಚದಿಂದ. "ಚುಚ್ಚೋದು ನಂಗೆ."

ನರ್ಸಮ್ಮ ಅಪ್ಪನ ಮುಖ ನೋಡಿದರು. ಅಪ್ಪ ಹೊರಗಿನ ಬೆಂಚಿಗೆ ಹೋದರು. ಅಮ್ಮ ಫಾರಮನ್ನು ನನ್ನ ಕಡೆಗೆ ಚಾಚಿದಳು.

"ಓದು. ಒಂದು ಸಾಲೂ ಬಿಡಬೇಡ."

ನಿಂತುಕೊಂಡೇ ಓದಿದೆ. ಒಂದೊಂದು ಸಾಲನ್ನೂ ಇಂಗ್ಲಿಷಿನಲ್ಲಿ ನೋಡಿ ಕನ್ನಡದಲ್ಲಿ ಹೇಳಿದೆ. ಕೂದಲು ಉದುರಬಹುದು. ವಾಂತಿಯಾಗಬಹುದು. ರಕ್ತದ ಬಿಳಿಕಣಗಳು ಕಡಿಮೆಯಾಗಿ ಸೋಂಕು ತಗಲಬಹುದು. ಹೃದಯಕ್ಕೆ ತೊಂದರೆಯಾಗಬಹುದು. ಸರಿಯಾದ ಪದ ತೋಚದೆ ಎರಡು ಕಡೆ ತಡೆದೆ, ಅಮ್ಮ ಕಾದಳು. ಕೊನೆಯ ಸಾಲಿಗೆ ಬಂದು ನಿಲ್ಲಿಸಿದೆ.

"ಅದೇನು, ಮುಂದೆ ಓದು."

"ಈ ಚಿಕಿತ್ಸೆಯೂ ಫಲ ಕೊಡದೇ ಇರಬಹುದು ಎಂಬುದು ನನಗೆ ತಿಳಿದಿದೆ."

ಅಮ್ಮ ಕೈ ಚಾಚಿ ಫಾರಮನ್ನು ತೆಗೆದುಕೊಂಡಳು. ನಾಲ್ಕನೇ ತರಗತಿಯವರೆಗೆ ಕಲಿತ ಅಕ್ಷರ ಅವಳದು; ಹೆಸರು ಬರೆಯಲು ಹೊತ್ತು ಹಿಡಿಯುತ್ತಿತ್ತು.

"ಸರಿ. ಪೆನ್ನು ಕೊಡು" ಎಂದಳು.